ಉರಿಯದ ಕೈ

ದಾವಣಗೆರೆಯ ಸರಸ್ವತಿ ನಗರದ ಕೊನೆಯ ಅಡ್ಡರಸ್ತೆಯಲ್ಲಿ ಹಜೀರಾಬೀ ಅವರ ಮನೆ. ಮನೆಗೆ ಅಂಟಿಕೊಂಡಂತೆ ಒಂದು ಖಾಲಿ ಸೈಟು. ಅದರ ಯಜಮಾನರು ಹೊರ ಊರಿನಲ್ಲಿದ್ದರು. ಕಸ ಸುರಿಯದಂತೆ ನೋಡಿಕೊಂಡರೆ ಸಾಕು ಎಂದು ಹಜೀರಾಬೀಗೆ ಬಿಟ್ಟಿದ್ದರು. ಆರು ವರ್ಷದಿಂದ ಅವರು ಅಲ್ಲಿ ಲವಂಗಿ ಮೆಣಸಿನಕಾಯಿ ಬೆಳೆಯುತ್ತಿದ್ದರು. ಕಿರುಬೆರಳಿಗಿಂತ ಸಣ್ಣ ಕಾಯಿ. ಎರಡು ಬಿದ್ದರೆ ಇಡೀ ಮನೆಯ ಸಾರು ಖಾರ.

ಫೆಬ್ರವರಿ ಮುಗಿಯುತ್ತಿದ್ದಾಗ ಯಜಮಾನರ ಫೋನು ಬಂತು. ಸೋಮವಾರದಿಂದ ಪಾಯ ತೆಗೆಸುತ್ತಾರಂತೆ. ಗಿಡಗಳೂ ಸೋತಿದ್ದವು, ಎಲೆ ಮುಟುರಿಕೊಂಡು ಕಾಂಡ ಒಣಗುತ್ತಿತ್ತು. ಆದರೂ ಕೊಂಬೆ ಕೊಂಬೆಗೂ ಕಾಯಿ ನೇತಾಡುತ್ತಿದ್ದವು. ನೀರು ಕಡಿಮೆಯಾದ ಗಿಡದ ಕಡೇ ಕಾಯಿಗೆ ಖಾರ ಹೆಚ್ಚು ಎನ್ನುವುದು ಕೊಯ್ದವರಿಗೆಲ್ಲ ಗೊತ್ತು.

ಶನಿವಾರ ಬೆಳಿಗ್ಗೆ ಮೂವರು ಕೊಯ್ಯಲು ಇಳಿದರು. ಹಜೀರಾಬೀ, ಸೊಸೆ ನಿಖತ್, ಎದುರು ಮನೆಯ ಓಬವ್ವ. ಹಜೀರಾಬೀಗೆ ಅರವತ್ನಾಲ್ಕು. ಮೂವತ್ತು ವರ್ಷ ಹಳೇಪೇಟೆಯ ಬಳೆ ಅಂಗಡಿಯಲ್ಲಿ ಕೂತು ಊರಿನ ಅರ್ಧ ಹೆಂಗಸರ ಕೈ ಹಿಡಿದು ಬಳೆ ತೊಡಿಸಿದವರು. ಐದು ವರ್ಷದ ಹಿಂದೆ ಅಂಗಾಲಿನಲ್ಲಿ ಚಪ್ಪಲಿ ಕಚ್ಚಿದ ಗಾಯ ಮಾಯದೆ ಮನೆ ಹಿಡಿದ ಮೇಲೆ ಅಂಗಡಿ ನಿಖತ್‌ಗೆ ಬಂದಿತ್ತು. ನಿಖತ್‌ಳ ಗಂಡ ಅತೀಕ್ ಗೂಡ್ಸ್ ಆಟೋ ಓಡಿಸುತ್ತಿದ್ದ. ಮಗಳು ಸುಮೈರಾ ಎರಡನೇ ಕ್ಲಾಸು.

ಹನ್ನೊಂದು ಗಂಟೆಯ ಹೊತ್ತಿಗೆ ಓಬವ್ವ ಬುಟ್ಟಿ ಕೆಳಗಿಟ್ಟು ಎರಡೂ ಕೈ ಕೊಡವಿದಳು.

"ಅಯ್ಯಪ್ಪಾ, ಬೆಂಕಿ ಇಟ್ಟಂಗಾಗೈತೆ ಬೂಬಮ್ಮ. ನಂಗಿನ್ನ ಆಗಂಗಿಲ್ಲ."

ಹಜೀರಾಬೀಗೂ ಅಷ್ಟೇ. ಒಳಗಿನಿಂದ ಮಜ್ಜಿಗೆ ಬೋಗುಣಿ ತಂದು ಇಬ್ಬರೂ ಕೈ ಅದ್ದಿ ಕೂತರು. ನಿಖತ್ ಮಾತ್ರ ಕೊಯ್ಯುತ್ತಲೇ ಇದ್ದಳು. ಹಣ್ಣಾಗಿ ಒಡೆದ ಕಾಯಿಯನ್ನು ಬರಿಗೈಯಲ್ಲೇ ಹಿಸುಕಿ ಬೀಜವನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದಳು.

"ನಿನಗ ಉರಿಯಲ್ವೇನೇ?" ಎಂದಳು ಓಬವ್ವ.

"ಇಲ್ಲಕ್ಕ. ಬಳೆ ಹಿಡ್ದು ಹಿಡ್ದು ನನ್ನ ಕೈ ದಪ್ಪ ಆಗೈತೆ."

"ಪುಣ್ಯವಂತೆ ಬಿಡು. ಎಲ್ಲಾ ನೀನೇ ಕೊಯ್ಯಿ."

ಹಜೀರಾಬೀ ನಗಲಿಲ್ಲ. ಮಜ್ಜಿಗೆಯಿಂದ ಕೈ ತೆಗೆದು, ಒರೆಸಿಕೊಳ್ಳದೆ ಎದ್ದು ಬಂದರು.

"ಕೈ ತೋರ್ಸು."

ಸೊಸೆಯ ಎರಡೂ ಅಂಗೈಗಳನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ಬಲಗೈ ಕಿರುಬೆರಳಿನ ಬುಡದಲ್ಲಿ ಕೆಂಪು ಕಲೆ. ಹಣ್ಣು ಮೆಣಸಿನಕಾಯಿಯದೆಂದು ನಿಖತ್ ಅಂದುಕೊಂಡಿದ್ದಳು. ಹಜೀರಾಬೀ ಅಲ್ಲಿ ಒತ್ತಿದಾಗ ರಕ್ತ ಜಿನುಗಿತು. ಒಳಗೆ ಅಕ್ಕಿಕಾಳಿನಷ್ಟು ಹಸಿರು ಗಾಜು ಹೊಕ್ಕಿತ್ತು.

"ಇದು ಯಾವಾಗ ಚುಚ್ಚಿದ್ದು?"

"ಗೊತ್ತಿಲ್ಲಮ್ಮಿ. ನಿನ್ನೆ ಅಂಗಡ್ಯಾಗ ಒಂದು ಡಜನ್ ಒಡದಿದ್ವು, ಅದರದಿರಬೇಕು."

"ನಿನ್ನೆಯಿಂದ ಗಾಜು ಐತೆ. ಅದರೊಳಗ ಖಾರ ಇಳದೈತೆ. ನಿನಗ ಗೊತ್ತಾಗ್ಲಿಲ್ಲ?"

ಹಜೀರಾಬೀ ಉಗುರಿನಿಂದ ಚೂರನ್ನು ಕಿತ್ತರು. ನೋಡುತ್ತಿದ್ದ ಓಬವ್ವನೇ ಹಲ್ಲು ಕಚ್ಚಿ "ಸ್ಸ್" ಎಂದಳು. ನಿಖತ್ ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡುತ್ತಿದ್ದಳು.

ಅಂದಿನಿಂದ ಅತ್ತೆಯ ಮಾತು ಕಡಿಮೆಯಾಯಿತು. ಗಿಡ ಕಿತ್ತು ಹಾಕಿದರು, ಕಾಯಿ ತಾರಸಿಯ ಮೇಲೆ ಒಣಗಿದವು, ಪಕ್ಕದ ಸೈಟಿನಲ್ಲಿ ಜೆಸಿಬಿ ಗುಡುಗತೊಡಗಿತು. ಹಜೀರಾಬೀ ಯಾವುದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ. ಅವರ ಕಣ್ಣು ನಿಖತ್ ಹೋದಲ್ಲೆಲ್ಲ ಹೋಗುತ್ತಿತ್ತು. ರೊಟ್ಟಿ ಬೇಯಿಸುವಾಗ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಕಾದ ಹಂಚಿನ ಕಡೆ ಕೈ ಹೋದರೆ ಸಾಕು, ಇಕ್ಕಳ ತಂದು ಮುಂದೆ ಹಿಡಿಯುತ್ತಿದ್ದರು. ತಾಯಿಯ ಪಕ್ಕದಲ್ಲಿದ್ದ ಸುಮೈರಾಳ ಹಾಸಿಗೆಯನ್ನು ತಮ್ಮ ಕೋಣೆಗೆ ಎಳೆದುಕೊಂಡರು. ಮಂಗಳವಾರ ನಿಖತ್ ಅಂಗಡಿಯ ಬೀಗದ ಕೈಗೆ ಹುಡುಕಿದರೆ ಅದು ಮೊಳೆಯ ಮೇಲಿರಲಿಲ್ಲ.

"ನಾಕು ದಿನ ಅಂಗಡಿ ಬ್ಯಾಡ," ಎಂದರು ಹಜೀರಾಬೀ.

"ಮದುವಿ ದಿನಗಳು ಅಮ್ಮಿ, ಗಿರಾಕಿ ವಾಪಸ್ ಹೋಗ್ತಾರೆ."

"ಹೋಗ್ಲಿ. ಯಾರ ಕೈನೂ ಹಿಡೀಬ್ಯಾಡ."

ಏನು ತಪ್ಪು ಮಾಡಿದೆ ಎಂದು ನಿಖತ್‌ಗೆ ಹೊಳೆಯಲಿಲ್ಲ. ಅತೀಕ್‌ನನ್ನು ಕೇಳಿದಳು. ವಯಸ್ಸಾಯಿತು, ಕಾಲು ನೋವು, ಹಾಗೆ ಇರುತ್ತಾರೆ ಎಂದು ಅವನು ಹೇಳಿ ಆಟೋ ತೊಳೆಯಲು ಹೋದ.

ಬುಧವಾರ ಮಧ್ಯಾಹ್ನ ನಿಖತ್ ಊಟ ಮಾಡಿ ಚಾಪೆಯ ಮೇಲೆ ಮಲಗಿದ್ದಳು. ಎಚ್ಚರವಾದಾಗ ಪಕ್ಕದಲ್ಲಿ ಹಜೀರಾಬೀ ಕೂತಿದ್ದರು. ಸೊಸೆಯ ಬಲಗೈ ಅವರ ತೊಡೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಹೊಲಿಗೆ ಸೂಜಿ. ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಸಾಲಾಗಿ ನಾಲ್ಕು ರಕ್ತದ ಹನಿಗಳು ನಿಂತಿದ್ದವು.

ನಿಖತ್ ಚೀರಿ ಕೈ ಎಳೆದುಕೊಂಡಳು. ಗೋಡೆಯವರೆಗೆ ಸರಿದು ಕೂತಳು.

"ಏನ್ ಮಾಡ್ತಿದ್ರಿ ಅಮ್ಮಿ? ಯಾಕ ಹಿಂಗೆ?"

ಹಜೀರಾಬೀ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನಿಖತ್‌ಳನ್ನು ಹೆಚ್ಚು ಹೆದರಿಸಿತು.

"ನಾಕು ಸಲ ಚುಚ್ಚಿದೆ. ಗಾಡಿ ಹಾರ್ನ್ ಹೊಡೀತು, ಅದಕ್ಕ ಎದ್ದೆ ನೀನು," ಎಂದರು. ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಎದ್ದರು. "ನಾಳೆ ಹರಿಹರಕ್ಕೆ ಹೋಗಾನ. ಎರಡು ಜತೆ ಬಟ್ಟೆ ಇಟ್ಕೋ."

ಹರಿಹರದಲ್ಲಿ ನಿಖತ್‌ಳ ಅಣ್ಣ ನೌಮಾನ್ ಇದ್ದ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರೆಂದರೆ ಅವನೊಬ್ಬನೇ. ಬೀಗದ ಕೈ ಕಿತ್ತುಕೊಂಡರು, ಮಗಳನ್ನು ದೂರ ಮಾಡಿದರು, ಈಗ ಎರಡು ಜತೆ ಬಟ್ಟೆ. ತನ್ನನ್ನು ಬಿಟ್ಟು ಬರಲು ಕರೆದೊಯ್ಯುತ್ತಿದ್ದಾರೆ ಎಂದು ಅವಳಿಗೆ ಖಚಿತವಾಯಿತು. ಗುರುವಾರ ಬೆಳಿಗ್ಗೆ ಸುಮೈರಾಳಿಗೆ ಜಡೆ ಹಾಕುವಾಗ ಮೂರು ಸಲ ಬಿಚ್ಚಿ ಮೂರು ಸಲ ಹೆಣೆದಳು. ಸ್ಕೂಲಿಗೆ ತಡವಾಗುತ್ತದೆ ಎಂದು ಮಗಳು ಅತ್ತಳು.

ಹರಿಹರದ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ನಿಖತ್ ಅಣ್ಣನ ಓಣಿಯ ಕಡೆ ತಿರುಗಿದಳು. ಹಜೀರಾಬೀ ಅವಳ ತೋಳು ಹಿಡಿದರು.

"ಅಲ್ಲಿಗಲ್ಲ."

"ಮತ್ತೆ ಎಲ್ಲಿಗೆ?"

"ಆಸ್ಪತ್ರಿಗೆ. ಇವತ್ತು ಚರ್ಮದ ಡಾಕ್ಟ್ರು ಬರ್ತಾರೆ. ದಾವಣಗೆರೆಯಾಗ ತೋರ್ಸಿದ್ರೆ ಗುರುತಿನೋರು ಸಿಗ್ತಾರೆ, ಅದಕ್ಕ ಇಲ್ಲಿ." ಅವಳನ್ನು ಹೊಳೆಯ ಕಡೆ ತಿರುಗಿಸಿ, "ಮೊದಲು ಅಲ್ಲಿ ಕೂಡಾನ. ನಾ ಒಂದು ಮಾತು ಹೇಳಬೇಕು," ಎಂದರು.

ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತರು. ನೀರು ನಡುವಿಗೆ ಸರಿದು ಬಂಡೆಗಳೆಲ್ಲ ಬಯಲಾಗಿದ್ದವು. ಹಜೀರಾಬೀ ಬುರ್ಖಾದ ಮುಸುಕನ್ನು ಮೇಲೆತ್ತಿ ಹೊಳೆಯನ್ನೇ ನೋಡುತ್ತ ಹೇಳತೊಡಗಿದರು.

"ನಂಗೊಬ್ಬ ಅಕ್ಕ ಇದ್ಲು. ದಿಲ್ಷಾದ್ ಆಪಾ. ಇದೇ ಊರಾಗ, ಇದೇ ಹೊಳಿ ದಂಡ್ಯಾಗ ನಮ್ಮ ಮನಿ. ಅಬ್ಬಾ ಬಳೆ ಮಲಾರ ಹೊತ್ಕೊಂಡು ಉಕ್ಕಡಗಾತ್ರಿ ತನಕ ನಡ್ಕೊಂಡು ಹೋಗ್ತಿದ್ರು. ನಂಗೆ ಒಂಬತ್ತು ವರ್ಷ, ಆಪಾಗೆ ಹದಿನಾರು. ಒಂದಿನ ರೊಟ್ಟಿ ಬಡೀತಿದ್ಲು. ನಂಜೊತೆ ಮಾತಾಡ್ತಾ ಹಂಚಿನ ಮ್ಯಾಲೆ ಕೈ ಊರಿದ್ಲು. ನಗ್ತಾನೇ ಇದ್ಲು ನಿಖತ್. ಚರ್ಮ ಸುಟ್ಟ ವಾಸನೆ ನಂಗೆ ಬಂತು, ಅವಳಿಗೆ ಗೊತ್ತಾಗ್ಲಿಲ್ಲ."

ನಿಖತ್ ತನ್ನ ಕೈಯನ್ನು ಬುರ್ಖಾದೊಳಗೆ ಎಳೆದುಕೊಂಡಳು.

"ಊರಿನ ಹೆಂಗಸ್ರ ಕೈ ಹಿಡಿಯೋ ಮನೆತನ ನಮ್ದು. ಮಹಾರೋಗ ಅಂತ ಗೊತ್ತಾದ್ರೆ ಯಾರು ಕೈ ಚಾಚ್ತಾರೆ? ಅಬ್ಬಾ ಅವಳಿಗೆ ಎರಡು ಜತೆ ಬಟ್ಟೆ ಕಟ್ಟಿಸಿ ರೈಲು ಹತ್ತಿಸಿಕೊಂಡು ಹೋದ್ರು. ನಾಕನೇ ದಿನ ಒಬ್ರೇ ಬಂದ್ರು. ವಾಂತಿಭೇದಿ ಆಗಿ ಹೋದ್ಲು ಅಂತ ಓಣಿಗೆಲ್ಲ ಹೇಳಿದ್ರು. ಬದುಕಿದ್ದ ಮಗಳಿಗೆ ಸತ್ತೋರ ಫಾತಿಹಾ ಓದಿಸಿದ್ರು. ಆರು ವರ್ಷ ಆದ್ಮ್ಯಾಲೆ ಅವಳದೊಂದು ಕಾಗದ ಬಂತು. ಅದನ್ನ ಬಿಚ್ಚಲೇ ಇಲ್ಲ, ಒಲಿಗೆ ಹಾಕಿದ್ರು."

"ಅಮ್ಮಿ, ನನ್ನನ್ನೂ..."

"ಇಲ್ಲ. ಅಲ್ಲಿ ಇಟ್ಕೊಂತಾರೋ ಏನೋ ಅಂತ ಬಟ್ಟೆ ತಂದೆ. ಇಟ್ಕೊಂಡ್ರೆ ನಾನೂ ಇಲ್ಲೇ ಕೂಡ್ತೀನಿ. ಒಬ್ಳೇ ವಾಪಸ್ ಹೋಗಲ್ಲ."

ಆಸ್ಪತ್ರೆಯ ಡಾಕ್ಟರು ಅಂಜನ್ ಕುಮಾರ್ ಇನ್ನೂ ನಲವತ್ತು ದಾಟದವರು. ನಿಖತ್‌ಳ ಮೊಣಕೈ ಮಡಿಸಿ ಹಿಂದಿನ ನರವನ್ನು ಬೆರಳಲ್ಲಿ ಉರುಳಿಸಿ ನೋಡಿದರು. ಮುಂಗೈ ಮೇಲೆ, ಬೆನ್ನಿನ ಮೇಲೆ ಚರ್ಮ ಮಸುಕಾಗಿದ್ದ ಜಾಗಗಳನ್ನು ಹುಡುಕಿದರು. ಬೆನ್ನಿನ ಕಲೆಗಳು ಅವಳಿಗೆ ಗೊತ್ತೇ ಇರಲಿಲ್ಲ. ಮುಂಗೈಯದನ್ನು ಬಿಸಿಲಿನ ಕಲೆ ಎಂದು ಬಿಟ್ಟಿದ್ದಳು.

"ಕಣ್ಣು ಮುಚ್ಚಿಕೊಳ್ಳಮ್ಮ. ನಾನು ಪೆನ್ನಿನ ತುದಿಯಲ್ಲಿ ಮುಟ್ಟುತ್ತೇನೆ. ಮುಟ್ಟಿದಾಗಲೆಲ್ಲ ಹೂಂ ಅನ್ನಬೇಕು."

ನಿಖತ್ ಕಣ್ಣು ಮುಚ್ಚಿದಳು. ಹೊರಗೆ ಯಾರೋ ಚೀಟಿಯ ನಂಬರು ಕೂಗುತ್ತಿದ್ದರು. ಒಂದು ಮಗು ಅಳುತ್ತಿತ್ತು. ಫ್ಯಾನು ಕಿರುಗುಟ್ಟುತ್ತಿತ್ತು. ಅವಳು ಕಾದಳು.

"ಸುರು ಮಾಡ್ರಿ ಸರ್," ಎಂದಳು ಕೊನೆಗೆ.

ಕಣ್ಣು ಬಿಟ್ಟಳು. ಅಂಗೈಯ ತುಂಬ, ಬೆರಳುಗಳ ಮೇಲೆ, ಮುಂಗೈಯ ಮೇಲೆ ನೀಲಿ ಚುಕ್ಕೆಗಳಿದ್ದವು. ಹನ್ನೆರಡೋ ಹದಿಮೂರೋ. ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಹಜೀರಾಬೀ ಬಾಯಿಗೆ ಮುಸುಕು ಒತ್ತಿಕೊಂಡಿದ್ದರು.

ಕುಷ್ಠ ಎಂಬ ಮಾತನ್ನು ಡಾಕ್ಟರು ಮೆಲ್ಲಗೆ ಆದರೆ ನೇರವಾಗಿಯೇ ಹೇಳಿದರು. ಒಂದು ವರ್ಷ ಮಾತ್ರೆ. ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆಯಲ್ಲಿ ಇರಬೇಕಿಲ್ಲ, ಮನೆ ಬಿಡಬೇಕಿಲ್ಲ. ಮಾತ್ರೆ ಸುರುವಾದ ಕೆಲವೇ ದಿನದಲ್ಲಿ ಅವಳಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಆಮೇಲೆ ಅಂಗಡಿಯಲ್ಲೂ ಕೂರಬಹುದು. ಆದರೆ ಹೋದ ಸ್ಪರ್ಶ ಪೂರ್ತಿ ಮರಳುತ್ತದೆ ಎಂದು ಹೇಳಲಾಗದು. ಬೆಂಕಿ, ಗಾಜು, ಬಿಸಿ ಪಾತ್ರೆ, ಎಲ್ಲವನ್ನೂ ಇನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕು.

"ಮನೆಯಲ್ಲಿ ಯಾರ‍್ಯಾರಿದ್ದೀರಿ? ಎಲ್ಲರನ್ನೂ ನೋಡಬೇಕಾಗುತ್ತೆ."

ನಿಖತ್ ಅತ್ತೆಯ ಕಡೆ ತಿರುಗಿದಳು. ವಾರಕ್ಕೆರಡು ಸಲ ಆ ಕಾಲಿನ ಪಟ್ಟಿ ಬಿಚ್ಚಿ ಗಾಯ ತೊಳೆಯುತ್ತಿದ್ದವಳು ಅವಳೇ. ಬಿಸಿನೀರು ಹೊಯ್ದರೂ, ಅರಿಶಿನ ಒತ್ತಿದರೂ ಹಜೀರಾಬೀ ಒಂದು ದಿನವೂ ಕಾಲು ಹಿಂದಕ್ಕೆ ಎಳೆದಿರಲಿಲ್ಲ. ಗಟ್ಟಿ ಜೀವ ಎಂದು ಅವಳು ಮೆಚ್ಚಿಕೊಂಡಿದ್ದಳು.

"ಅಮ್ಮಿ, ಕಾಲು ತೋರ್ಸ್ರಿ."

"ಅದು ಚಪ್ಪಲಿ ಕಚ್ಚಿದ್ದು..."

"ಐದು ವರ್ಷ ಕಚ್ತಾ ಐತಾ? ತೋರ್ಸ್ರಿ."

ಹಜೀರಾಬೀ ಬೆಂಚಿನ ಮೇಲೆ ಕೂತು ಪಟ್ಟಿ ಬಿಚ್ಚಿದರು. ಡಾಕ್ಟರು ಬಹಳ ಹೊತ್ತು ನೋಡಲಿಲ್ಲ. ಮೈಮೇಲೆ ಎಲ್ಲಾದರೂ ಮಸುಕು ಕಲೆ ಇದೆಯೇ ಎಂದು ಕೇಳಿದರು. ತೊಡೆಯ ಮೇಲೊಂದು ಇದೆ ಎಂದರು ಹಜೀರಾಬೀ.

"ಎಷ್ಟು ವರ್ಷದಿಂದ?"

"ಹನ್ನೊಂದು."

ಯಾರಿಂದ ಯಾರಿಗೆ ಬಂತು ಎಂದು ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಅದನ್ನು ಅವರು ಎರಡು ಸಲ ಹೇಳಿದರು. ನಿಖತ್‌ಗೆ ಒಂದು ಸಲವೂ ಕೇಳಿಸಲಿಲ್ಲ. ಅವಳು ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಸುಮೈರಾಳಿಗೆ ಏಳು ವರ್ಷ. ಈ ನಾಲ್ಕೈದು ದಿನ ಮಗು ಮಲಗಿದ್ದು ಆ ಕಾಲಿನ ಪಕ್ಕದಲ್ಲಿ.

ವಾಪಸ್ ಬರುವ ಬಸ್ಸಿನಲ್ಲಿ ನಿಖತ್ ಬೇರೆ ಸೀಟಿನಲ್ಲಿ ಕೂತಳು.

ಸಂಜೆ ಅತೀಕ್ ಬಂದು ಚಹಾ ಕುಡಿದ ಮೇಲೆ ನಿಖತ್ ದಿಲ್ಷಾದ್ ಕಥೆಯನ್ನೂ ಸೇರಿಸಿ ಎಲ್ಲ ಹೇಳಿದಳು. ಮುಚ್ಚಿಡಲಿಲ್ಲ, ಅಳಲೂ ಇಲ್ಲ. ಅವನ ತೊಡೆಯ ಮೇಲೆ ಸುಮೈರಾ ಕೂತು ಬಣ್ಣದ ಪೆನ್ಸಿಲು ಹೆರೆಯುತ್ತಿದ್ದಳು. ಅತೀಕ್ ಮಗಳನ್ನು ಇಳಿಸಲಿಲ್ಲ. ಅವಳ ಅಂಗಿಯ ತೋಳು ಮೇಲೆ ಸರಿಸಿ ಎರಡೂ ಕೈ ನೋಡಿದ. ಕುತ್ತಿಗೆ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದ.

"ಅಮ್ಮಿ, ನಿಮಗ ಗೊತ್ತಿತ್ತು. ನಿಮ್ಮ ಅಕ್ಕನ್ನ ನೋಡಿದ್ರಿ. ಗೊತ್ತಿದ್ದೂ ಯಾಕ ಸುಮ್ನಿದ್ರಿ?"

"ನಂಜೊತೆ ಮಣ್ಣಿಗೆ ಹೋಗ್ತದೆ ಅಂದ್ಕೊಂಡೆ. ಹೇಳಿದ್ರೆ ನನ್ನೂ ರೈಲು ಹತ್ತಿಸ್ತಾರೆ ಅಂತ ಹೆದರಿಕಿ."

"ಯಾರು ಹತ್ತಿಸ್ತಿದ್ರು? ನಾನಾ?"

ಹಜೀರಾಬೀ ಒಳಗೆ ಹೋಗಿ ಸುಮೈರಾಳ ಹಾಸಿಗೆಯನ್ನು ಸುರುಳಿ ಸುತ್ತಿ ತಂದು ನಿಖತ್‌ಳ ಕೋಣೆಯ ಬಾಗಿಲಲ್ಲಿಟ್ಟರು.

ಶನಿವಾರ ಆರೋಗ್ಯ ಕಾರ್ಯಕರ್ತೆ ರೂಪಶ್ರೀ ಸ್ಕೂಟಿಯಲ್ಲಿ ಬಂದಳು. ಅಕ್ಕಪಕ್ಕದವರಿಗೆ ತಿಳಿಯದಿರಲೆಂದು ಸಾದಾ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಅತೀಕ್‌ನಲ್ಲಿ ಏನೂ ಕಾಣಲಿಲ್ಲ. ಬರದಂತೆ ತಡೆಯುವ ಮಾತ್ರೆಯನ್ನು ಅವನಿಗೆ ತನ್ನ ಎದುರಿಗೇ ನುಂಗಿಸಿದಳು. ಸುಮೈರಾಳ ಅಂಗಿ ತೆಗೆಸಿ ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬಲ ಭುಜದ ಹಿಂದೆ ಅವಳ ಬೆರಳು ನಿಂತಿತು.

ಹುಣಸೆ ಬೀಜದಷ್ಟು ಜಾಗ. ಸುತ್ತಲಿನ ಚರ್ಮಕ್ಕಿಂತ ಒಂದಿಷ್ಟೇ ಮಸುಕು.

"ಇದು ಹೊಟ್ಟಿ ಹುಳಕ್ಕೂ ಬರ್ತೈತ್ರೀ, ಮಕ್ಕಳಿಗೆ ಸಾಮಾನ್ಯ," ಎಂದಳು ರೂಪಶ್ರೀ. "ಮುಟ್ಟಿದ್ರೆ ಗೊತ್ತಾಗ್ತಾ ಐತೆ ಅವಳಿಗೆ. ಆದ್ರೂ ಸಂಶಯ ಇರೋರಿಗೆ ಈ ಮಾತ್ರೆ ಈಗ ಕೊಡಂಗಿಲ್ಲ. ಡಾಕ್ಟ್ರಿಗೆ ತೋರ್ಸಾನ."

ಡಾಕ್ಟರೂ ಅದನ್ನೇ ಹೇಳಿದರು. ಮೂರು ತಿಂಗಳು ನೋಡೋಣ, ಅಷ್ಟರಲ್ಲಿ ದೊಡ್ಡದಾದರೆ ಮಾತ್ರ ಕಾಯಬೇಡಿ. ರೂಪಶ್ರೀ ಒಂದು ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಗುವಿನ ಭುಜಕ್ಕೆ ಹಿಡಿದು ಕಲೆಯ ಅಂಚನ್ನು ಪೆನ್ನಿನಲ್ಲಿ ತಿದ್ದಿ, ಹಾಳೆಯನ್ನು ನಿಖತ್‌ಳ ಕೈಗೆ ಕೊಟ್ಟಳು. ಪ್ರತಿ ಭಾನುವಾರ ಹಿಡಿದು ನೋಡ್ರಿ ಎಂದಳು.

ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಒಂದೇ ಚೊಂಬಿನ ನೀರಿನಲ್ಲಿ ಮಾತ್ರೆ ನುಂಗುತ್ತಿದ್ದರು. ಮಾತಿಲ್ಲ. ಹಜೀರಾಬೀ ಮರೆತರೆ ನಿಖತ್ ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಅವರ ಮುಂದಿನ ತಟ್ಟೆಯಲ್ಲಿಟ್ಟು ಹೋಗುತ್ತಿದ್ದಳು. ಕಾಲಿನ ಗಾಯ ತೊಳೆಯುವುದನ್ನೂ ಬಿಡಲಿಲ್ಲ. ಆದರೆ ಮುಖ ನೋಡುತ್ತಿರಲಿಲ್ಲ. ಅಂಗಡಿಯ ಬೀಗದ ಕೈ ಮತ್ತೆ ಮೊಳೆಗೆ ಬಂತು. ಡಾಕ್ಟರನ್ನು ಇನ್ನೊಮ್ಮೆ ಕೇಳಿ, ಅವರು ಹೂಂ ಎಂದ ಮೇಲೆಯೇ ನಿಖತ್ ಅಂಗಡಿಗೆ ಹೋದಳು. ಗಿರಾಕಿಯ ಕೈ ಹಿಡಿದಾಗ ಎಷ್ಟು ಒತ್ತುತ್ತಿದ್ದೇನೆ ಎಂದು ತಿಳಿಯದೆ ಅವರ ಮುಖವನ್ನೇ ನೋಡುತ್ತ ಬಳೆ ಏರಿಸುತ್ತಿದ್ದಳು. ಏಪ್ರಿಲ್ ಹೊತ್ತಿಗೆ ಇಬ್ಬರ ಮೈಬಣ್ಣವೂ ಮಾತ್ರೆಗೆ ಕಪ್ಪಾಗತೊಡಗಿತು.

"ಏನವ್ವಾ, ಅತ್ತೆ ಸೊಸೆ ಇಬ್ರೂ ಹಿಂಗೆ ಕರ‍್ರಗಾಗೀರಿ?" ಎಂದಳು ಒಂದು ದಿನ ಓಬವ್ವ, ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತ. "ಆ ಸ್ಕೂಟಿ ಹುಡುಗಿ ಯಾಕ ಬರ್ತಾಳೆ ನಿಮ್ಮನಿಗೆ?"

"ಬಿಸಿಲಿಗೆ..." ಎಂದು ಹಜೀರಾಬೀ ಸುರು ಮಾಡಿದರು.

"ಬಿಸಿಲಲ್ಲ ಅಕ್ಕ," ಎಂದಳು ನಿಖತ್. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಓಬವ್ವನ ಕೈ ಸೊಪ್ಪಿನ ಮೇಲೇ ನಿಂತಿತು. "ಹೌದಾ," ಎಂದಳು. ಬಿಡಿಸಿದ ಸೊಪ್ಪನ್ನೂ ಬಿಡಿಸದ ಸೊಪ್ಪನ್ನೂ ಒಂದೇ ಮೊರದಲ್ಲಿ ತುಂಬಿಕೊಂಡು ಎದ್ದು ಹೋದಳು. ಎರಡು ದಿನ ಎದುರು ಮನೆಯ ಬಾಗಿಲು ತೆರೆಯಲಿಲ್ಲ. ಮೂರನೇ ದಿನ ಗೇಟಿನ ತನಕ ಬಂದು, ಒಳಗೆ ಕಾಲಿಡದೆ, ನುಗ್ಗೆಕಾಯಿಯ ಕಟ್ಟೊಂದನ್ನು ಕಾಂಪೌಂಡಿನ ಮೇಲಿಟ್ಟು, "ಮೊಮ್ಮಗಳು ಹೆಂಗದಾಳೆ ಬೂಬಮ್ಮ?" ಎಂದು ಕೂಗಿ ಕೇಳಿದಳು. ಹಜೀರಾಬೀ ಉತ್ತರಿಸುವ ಮೊದಲೇ ರಸ್ತೆ ದಾಟಿದ್ದಳು.

ಆ ಭಾನುವಾರ ಸುಮೈರಾಳಿಗೆ ಎರೆದು, ಮೈ ಒರೆಸಿ, ನಿಖತ್ ಕಿಟಕಿಯ ಬಳಿ ನಿಲ್ಲಿಸಿಕೊಂಡಳು. ಪ್ಲಾಸ್ಟಿಕ್ ಹಾಳೆಯನ್ನು ಭುಜಕ್ಕೆ ಹಿಡಿದಳು. ಹಿಂದಿನ ಭಾನುವಾರಗಳಲ್ಲಿ ಗೆರೆಯೊಳಗೆ ಕೂರುತ್ತಿದ್ದ ಕಲೆ ಇವತ್ತು ಕೆಳಗಿನ ಕಡೆ ಗೆರೆಯನ್ನು ದಾಟಿದಂತೆ ಕಂಡಿತು. ಹಾಳೆ ತೆಗೆದು ಮತ್ತೆ ಹಿಡಿದಳು. ಮಗುವನ್ನು ಸ್ವಲ್ಪ ತಿರುಗಿಸಿ ಮತ್ತೆ ಹಿಡಿದಳು.

"ಅಮ್ಮಿ," ಎಂದು ಕರೆದಳು. ಎರಡು ತಿಂಗಳಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. "ಬರ್ರಿ ಇಲ್ಲಿ. ನನಗ ಹಂಗ ಕಾಣ್ತೈತೋ, ಇಲ್ಲ ಹಂಗೇ ಐತೋ ನೋಡ್ರಿ."

ಹಜೀರಾಬೀ ಕುಂಟುತ್ತ ಬಂದರು. ಕನ್ನಡಕ ಹಾಕಿಕೊಂಡು ಮೊಮ್ಮಗಳ ಭುಜದ ಹತ್ತಿರ ಬಾಗಿದರು. ಬೆರಳ ತುದಿಯನ್ನು ಅಂಚಿನ ಮೇಲೆ ಆಡಿಸಿದರು.

"ಕಚಗುಳಿ ಆಗ್ತೈತೆ ದಾದಿ," ಎಂದು ಸುಮೈರಾ ಅಜ್ಜಿಯ ಬೆರಳಿಗೆ ಭುಜ ಕುಣಿಸಿದಳು. ಹಜೀರಾಬೀ ಗೆರೆಯಿಂದ ಒಳಗೆ ಸರಿದು ಕಲೆಯ ನಡುವೆ ಮುಟ್ಟಿದರು. ಮಗು ನಗುತ್ತಲೇ ಇತ್ತು. ಮೊದಲಿನ ಕಚಗುಳಿಗೋ ಈಗಿನದಕ್ಕೋ, ಇಬ್ಬರಿಗೂ ತಿಳಿಯಲಿಲ್ಲ.

"ನಾಳೆ ತನಕ ಕಾಯೋದು ಬ್ಯಾಡ," ಎಂದರು ಹಜೀರಾಬೀ. "ರೂಪಶ್ರೀಗೆ ಫೋನ್ ಮಾಡು. ಡಾಕ್ಟ್ರು ಎಲ್ಲಿದ್ರೂ ಹೋಗಾನ. ಯಾರು ನೋಡಿದ್ರೂ ನೋಡ್ಲಿ."

ನಿಖತ್ ಫೋನು ಕೈಗೆತ್ತಿಕೊಂಡಳು. ಹೊರಗೆ ಅತೀಕ್ ಆಗಲೇ ಆಟೋದಿಂದ ಖಾಲಿ ಚೀಲಗಳನ್ನು ಇಳಿಸಿ, ಹಿಂದೆ ಕೂರಲು ಚಾಪೆ ಹಾಸುತ್ತಿದ್ದ.